ಆರಿಸದ ಬೂದಿಯ ಪ್ರೊಫೆಸರಮ್ಮ

ಉರಿದ ಕಲ್ಲಿದ್ದಲಿನ ಹೊಗೆಯೊಡನೆ ಮೇಲೇರುವ ಹಾರುಬೂದಿಯನ್ನು ಕ್ಷಾರದ ದ್ರಾವಣದಲ್ಲಿ ಕಲಸಿ, ಬೆಂಕಿಗೂ ಜಗ್ಗದ ಕಲ್ಲಿನಂಥ ಹಲಗೆಯನ್ನು ಎರೆಯುವ ಜಿಯೋಪಾಲಿಮರ್ ವಿದ್ಯೆಯಲ್ಲಿ ಕಲ್ಲಿದ್ದಲ ಗಣಿಗಳ ನಾಡಾದ ನಮ್ಮ ಸಿಲೇಸಿಯಾ ಪ್ರಾಂತ್ಯಕ್ಕೆ ಹೆಸರು ತಂದವರು ಡಾ. ಸಬೀನಾ ಹಾಯ್ದುಕ್ ಅವರು. ಅವರ ವಿದ್ಯಾರ್ಥಿಯಾಗಿ, ಅನಂತರ ಸಹೋದ್ಯೋಗಿಯಾಗಿ ಬಹುಕಾಲ ಅವರ ಬಳಿ ಬೆಳೆದ ನನಗೆ ಈ ಅಭಿನಂದನ ಸಂಪುಟಕ್ಕೆ ಬರೆಯುವ ಭಾಗ್ಯ ದೊರೆತಿದೆ. ಆದರೆ ಸಂಪಾದಕರು ಬಯಸಿದ ಶಾಂತಗಂಭೀರ ಲೇಖನ ನನ್ನಿಂದಾಗದು. ಆ ವರ್ಷಗಳನ್ನು ನೆನೆದಾಗಲೆಲ್ಲ ನನಗೆ ಮೊದಲು ಆಗುವುದು ಗಾಬರಿ. ಕೃತಜ್ಞತೆ ಆಮೇಲೆ ಬರುತ್ತದೆ.

ಗಾಬರಿ ಮೊದಲ ವಾರವೇ ಶುರುವಾಯಿತು. ಹಲಗೆಯ ಮುಂಭಾಗಕ್ಕೆ ಕುಲುಮೆಯ ಜ್ವಾಲೆ ಬಡಿಯುತ್ತಿರುವಾಗ, ಅದನ್ನು ಎರೆದವರು ಹಿಂಭಾಗಕ್ಕೆ ಬರಿಯ ಅಂಗೈ ಇಟ್ಟು ನಿಲ್ಲಬೇಕೆಂಬುದು ಅವರ ಪ್ರಯೋಗಾಲಯದ ಪದ್ಧತಿ. ನಾನು ಹಿಂದೆ ಸರಿದೆ.

"ಯಾಕಪ್ಪಾ, ನೀನು ಮಾಡಿದ ಹಲಗೆ ತಾನೆ? ನಂಬಿಕೆ ಇಲ್ವಾ?"

"ಸುಟ್ಟುಹೋದ್ರೆ ಮೇಡಂ?"

"ಸುಟ್ರೆ ನಾಳೆಯಿಂದ ನೆಟ್ಟಗೆ ಕಲಸ್ತೀಯ," ಎಂದವರೇ ಮೊದಲು ತಮ್ಮ ಕೈಯನ್ನು ಇಟ್ಟರು. ನನ್ನ ತಂದೆ ಗಣಿಯಲ್ಲಿ ಕಾಲು ಮುರಿದುಕೊಂಡು ಮಲಗಿದ ಚಳಿಗಾಲದಲ್ಲಿ ನಾನು ತೆಗೆದುಕೊಳ್ಳಬೇಕಿದ್ದ ತರಗತಿಗಳನ್ನೆಲ್ಲ ತಾವೇ ನಡೆಸಿ, ಆ ಮಾತನ್ನು ಎಂದೂ ಎತ್ತದೆ ಉಳಿದವರೂ ಇವರೇ.

ನಮಗೆ ಬೂದಿ ಬರುತ್ತಿದ್ದುದು ಊರಂಚಿನ ವಿದ್ಯುತ್ ಸ್ಥಾವರದಿಂದ. ಅಲ್ಲಿನ ಬೂದಿ ವಿಭಾಗದ ಮೇಸ್ತ್ರಿ ರೂಫಿನ್ ಕೊಟುಲಾ ಅವರು ಪೀಪಾಯಿಗಳನ್ನು ಸ್ವತಃ ತಂದು ಇಳಿಸುತ್ತಿದ್ದರು. ಗಣಿಯವರ ಸಂತ ಬಾರ್ಬರಾಳ ಹಬ್ಬದಂದು ಪೀಪಾಯಿಯ ಜೊತೆ ಅವರ ಮನೆಯ ಗಸಗಸೆ ಕೇಕೂ ಬರುತ್ತಿತ್ತು. ಆ ಬೂದಿಯಲ್ಲಿ ಎರೆದ ಹಲಗೆಗಳು ಸಾವಿರ ಡಿಗ್ರಿಯಲ್ಲೂ ಬಿರುಕು ಬಿಡಲಿಲ್ಲ. ಮೇಡಂ ಅವರ ಪ್ರಬಂಧಗಳು ದೇಶದೇಶಗಳಲ್ಲಿ ಚರ್ಚೆಯಾದವು. ಕೊನೆಗೆ ಒಂದು ಕಾರ್ಖಾನೆ ಅದೇ ಸ್ಥಾವರದ ಉಗ್ರಾಣದಿಂದ ಬೂದಿ ತರಿಸಿ, ಅವರ ಪಾಕದಲ್ಲೇ ಹಲಗೆಗಳನ್ನು ತಯಾರಿಸಿತು. ಮೊದಲ ತಂಡದ ಹಲಗೆಗಳು ನಮ್ಮೂರ ಶಿಶುವಿಹಾರಕ್ಕೆ ಹೋದವು. ಅಲ್ಲಿನ ಬಾಯ್ಲರ್ ಕೋಣೆಗೂ ಮಕ್ಕಳು ಮಲಗುವ ಕೋಣೆಗೂ ನಡುವೆ ಅವೇ ಗೋಡೆಯಾದವು.

ಚಳಿ ಬಂದಿದ್ದರಿಂದ ಜೋಡಿಸುವ ಕೆಲಸ ಮೊದಲು ಮುಗಿಯಿತು. ಅದೇ ತಂಡದ ಇನ್ನೊಂದು ಹಲಗೆಯನ್ನು ಅತಿಥಿಗಳೆದುರು ಸುಡುವ ಸಮಾರಂಭ ಆಮೇಲೆ ನಡೆಯಿತು. ಮೇಡಂ ಹಬ್ಬದ ಉಡುಪಿನಲ್ಲಿ ಕೈ ಇಡಲು ಮುಂದೆ ಬರುತ್ತಿದ್ದರು. ಅಷ್ಟರಲ್ಲಿ ಹಲಗೆ ಢಮ್ಮೆಂದು ಸಿಡಿಯಿತು! ನಗರಾಧ್ಯಕ್ಷರು ಮೇಜಿನ ಕೆಳಗೆ ಹೊಕ್ಕಿದ್ದರು. ನನ್ನ ಕೈಯಲ್ಲಿದ್ದ ಹೂಗುಚ್ಛ ಎಲ್ಲಿ ಬಿತ್ತೋ ಇಂದಿಗೂ ತಿಳಿಯದು. ಮೇಡಂ ಅದರಿಂದ ಒಂದೇ ಒಂದು ಹೆಜ್ಜೆ ದೂರದಲ್ಲಿದ್ದರು.

ಕಾರ್ಖಾನೆಯವರು ಕುಲುಮೆಯ ದೋಷವೆಂದರು. ಮೇಡಂ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. "ಮಕ್ಕಳು ಮಲಗೋ ಹೊತ್ತಿದು. ಕಾರ್ ತೆಗಿ," ಎಂದು ನನಗೆ ಅಪ್ಪಣೆಯಾಯಿತು. ಶಿಶುವಿಹಾರದಲ್ಲಿ ನಿಂತು ಬಾಯ್ಲರ್ ನಂದಿಸುವಂತೆ ಮಾಡಿದರು. ಮಕ್ಕಳನ್ನು ಕಂಬಳಿ ಸುತ್ತಿ ಮನೆಗಳಿಗೆ ಕಳುಹಿಸಿದರು. ಕೆಲಸಗಾರರು ಬರುವವರೆಗೂ ಕಾಯದೆ, ಆ ಹಬ್ಬದ ಉಡುಪಿನಲ್ಲೇ ಸುತ್ತಿಗೆ ಹಿಡಿದು ತಮ್ಮದೇ ಪಾಕದ ಹಲಗೆಗಳನ್ನು ತಾವೇ ಕಿತ್ತರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅಲ್ಲಿ ಮತ್ತೆ ಇಟ್ಟಿಗೆಯ ದಪ್ಪ ಗೋಡೆ ಎದ್ದಿತು, ಮಕ್ಕಳ ಮಂಚಗಳಿಗೆ ಜಾಗ ಸಾಲದಾಯಿತು. "ಹೊಸ ಹಲಗೆ ನಾನೇ ತಂದುಕೊಡ್ತೀನಿ," ಎಂದು ಮೇಡಂ ಅಲ್ಲಿನ ಶಿಕ್ಷಕಿಯರಿಗೆ ಮಾತು ಕೊಟ್ಟರು.

ಕ್ಷಾರ, ಅಚ್ಚು, ಒಣಗಿಸಿದ ರೀತಿ ಎಲ್ಲವನ್ನೂ ಜಾಲಾಡಿದೆವು. ಏನೂ ಸಿಗಲಿಲ್ಲ. ಕೊನೆಗೆ ಸ್ಥಾವರಕ್ಕೆ ಹೋದೆವು. ಹೊಗೆಯಿಂದ ಬೂದಿ ಹಿಡಿಯುವ ಯಂತ್ರಕ್ಕೆ ಅಲ್ಲಿ ಸಾಲಾಗಿ ಮೂರು ಕೋಣೆಗಳಿವೆ. ಮೊದಲನೆಯದರಲ್ಲಿ ಒರಟು ಬೂದಿ, ಉರಿಯದೆ ಉಳಿದ ಇದ್ದಲಿನ ಚೂರು. ಕೊನೆಯದರಲ್ಲಿ ಮೈದಾಹಿಟ್ಟಿನಂಥ ನಯವಾದ ಬೂದಿ. ಮೂರೂ ಬೆರೆತು ಉಗ್ರಾಣ ಸೇರುತ್ತವೆ.

"ನಮಗೆ ಕಳಿಸೋದೂ ಉಗ್ರಾಣದ್ದೇ ತಾನೆ, ರೂಫಿನ್?" ಎಂದು ಮೇಡಂ ಕೇಳಿದರು.

"ಛೆ, ಛೆ! ನಿಮಗೆ ಅದನ್ನ ಕಳಿಸ್ತೀವಾ ಪ್ರೊಫೆಸರಮ್ಮಾ? ಕೊನೇ ಕೋಣೆದು, ಅದನ್ನೂ ಜರಡಿ ಹಿಡಿದು ಕಳಿಸೋದು. ಮನೆಗೆ ಬಂದ ನೆಂಟ್ರಿಗೆ ತಳಹತ್ತಿದ ಗಂಜಿ ಬಡಿಸ್ತಾರಾ?"

"ಯಾವಾಗಿಂದ?"

"ಮೊದಲಿಂದ್ಲೂ!" ಎಂದು ಆ ಹಿರಿಯರು ಹೆಮ್ಮೆಯಿಂದ ನಕ್ಕರು.

ಅಷ್ಟು ವರ್ಷಗಳ ಪ್ರಬಂಧ, ಪದಕ, ನನ್ನ ಡಾಕ್ಟರೇಟು ಎಲ್ಲವೂ ನೆಂಟರ ಎಲೆಗೆ ಬಡಿಸಿದ ಊಟದ ಮೇಲೆ ನಿಂತಿದ್ದವು! ಮೇಡಂ ಅಲ್ಲೇ ಕಬ್ಬಿಣದ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಗಾಬರಿಗೊಂಡ ರೂಫಿನ್ ಚಹಾ ತಂದುಕೊಟ್ಟರು. ತಾವೇನು ತಪ್ಪು ಮಾಡಿದೆವೆಂದು ಅವರಿಗಿನ್ನೂ ಹೊಳೆದಿರಲಿಲ್ಲ. ಕಾರ್ಖಾನೆಯ ಹಲಗೆ ಸಿಡಿದದ್ದು ಉಗ್ರಾಣದ ಒರಟು ಬೂದಿಯಿಂದ, ನಮ್ಮವು ಉಳಿದದ್ದು ಅವರು ಆರಿಸಿ ಕೊಟ್ಟ ನಯವಾದ ಬೂದಿಯಿಂದ ಎಂದು ಮೇಡಂ ಮೆಲ್ಲನೆ ವಿವರಿಸಿದಾಗ ಆ ದೊಡ್ಡ ಮನುಷ್ಯ ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಆ ವರ್ಷದ ಸಮ್ಮೇಳನದಲ್ಲಿ ಮೇಡಂ ವೇದಿಕೆಯೇರಿ, ತಮ್ಮ ಫಲಿತಾಂಶಗಳು ಆರಿಸಿದ ಬೂದಿಗೆ ಮಾತ್ರ ನಿಜ, ಲೋಕದ ಬೂದಿಗೆ ಅಲ್ಲ ಎಂದು ಸಾರಿದರು. ಮೇಸ್ತ್ರಿಯ ಮೇಲೆ ಕ್ರಮವಾಗಬೇಕೆಂದು ಒಬ್ಬರು ಎದ್ದಾಗ, "ಅವರು ಪ್ರೀತಿಯಿಂದ ಕೊಟ್ರು, ನಾನು ಕೇಳದೆ ತಗೊಂಡೆ. ಕ್ರಮ ನನ್ನ ಮೇಲೆ ಆಗ್ಲಿ," ಎಂದು ಅವರನ್ನು ಕೂರಿಸಿದರು. ಕಾರ್ಖಾನೆ ಕೈಬಿಟ್ಟಿತು, ಬರಬೇಕಾಗಿದ್ದ ಪ್ರಶಸ್ತಿ ಬರಲಿಲ್ಲ. ಅವರು ಉಗ್ರಾಣದ ಒರಟು ಬೂದಿಯನ್ನೇ ತರಿಸಿ ಮೊದಲಿನಿಂದ ಆರಂಭಿಸಿದರು. ನಿವೃತ್ತಿಯ ಅಂಚಿನವರೆಗೂ ಹಲಗೆಗಳು ಸಿಡಿಯುತ್ತಲೇ ಇದ್ದವು.

ಬೀಳ್ಕೊಡುಗೆಯ ದಿನ ನಾವು ಗಾಜಿನ ಹೂದಾನಿ ತಂದಿದ್ದೆವು. "ಅದನ್ನ ಆ ಕಡೆ ಇಡಿ, ಮೊದಲು ಕುಲುಮೆ ಹಚ್ಚಿ," ಎಂದರು. ರೂಫಿನ್ ತಂದ ಆರಿಸದ, ಜರಡಿ ಹಿಡಿಯದ ಬೂದಿಯಲ್ಲಿ ಎರೆದ ಹೊಸ ಹಲಗೆ ಅದು. ಈ ಸಲ ಸುಡುವುದು ಮೊದಲು, ಗೋಡೆ ಆಮೇಲೆ. ಬೇಡವೆಂದು ನಾವೆಲ್ಲ ಅಂಗಲಾಚಿದರೂ ಮೇಡಂ ಹಿಂದೆ ನಿಂತು ಅಂಗೈ ಒತ್ತಿದರು. ಜ್ವಾಲೆ ಬಿಳಿಯಾಯಿತು. ಯಾರೋ ಧೈರ್ಯ ತಂದುಕೊಂಡು, ನಮ್ಮವರು ಇಂಥ ದಿನ ಹಾಡುವ ನೂರು ವರ್ಷ ಬಾಳೆಂಬ ಹಾಡನ್ನು ಎತ್ತಿದರು. ನಡುಗುವ ದನಿಗಳಲ್ಲಿ ಎಲ್ಲರೂ ಹಾಡಿದೆವು. ಹಾಡು ಮುಗಿದರೂ ಕೈ ಅಲ್ಲೇ ಇತ್ತು. ಇನ್ನೊಂದು ಕೈಯನ್ನು ಚಾಚಿ, "ರೂಫಿನ್, ಕೇಕ್ ಎಲ್ರೀ?" ಎಂದರು.

ಆ ತಂಡದ ಹಲಗೆಗಳು ಈಗ ಶಿಶುವಿಹಾರದ ಗೋಡೆಯಾಗಿವೆ. ಮಕ್ಕಳು ಆ ಗೋಡೆಗೆ ಬೆನ್ನು ಕೊಟ್ಟು ಮಲಗುತ್ತಾರೆ. ಮೇಡಂ ನಮ್ಮ ನೂರು ವರ್ಷದ ಹಾಡನ್ನು ಸುಳ್ಳು ಮಾಡದಿರಲಿ, ನಾಳೆ ನಾವು ಎರೆಯುವ ಹಲಗೆಗಳ ಹಿಂದೆಯೂ ಮೊದಲು ಇಡುವ ಕೈ ಅವರದೇ ಆಗಿರಲಿ.