ಟವೆಲ್ಲುಗಳ ಹಿಂದಿನ ಸೀಸೆ

ನಮ್ಮ ಬೀದಿಯ ಮಕ್ಕಳಿಗೆಲ್ಲ ನೊರೀನ್ ಹಾಸ್ಲಮ್ ಎಂದರೆ ಸೋಪಿನ ಆಂಟಿ. ಅವರ ಮನೆಯ ಬಾಗಿಲು ತೆರೆದರೆ ಲ್ಯಾವೆಂಡರ್, ತೆಂಗಿನಕಾಯಿ, ಗುಲಾಬಿ, ಗಂಡಸರ ಶೇವಿಂಗ್ ಕ್ರೀಮು ಎಲ್ಲವೂ ಒಟ್ಟಾಗಿ ಬಂದು ಮೂಗಿಗೆ ಬಡಿಯುತ್ತಿದ್ದವು. ಕ್ರಿಸ್‌ಮಸ್ ಮುಗಿದ ಮೇಲೆ ಪೇಟೆಯ ಔಷಧಿ ಅಂಗಡಿಗಳಲ್ಲಿ ಉಳಿದುಹೋಗುವ ಸೋಪು, ಸೆಂಟುಗಳ ಉಡುಗೊರೆ ಪೆಟ್ಟಿಗೆಗಳನ್ನು ಕಾಲು ಬೆಲೆಗೆ ತಂದು, ತಾಯಂದಿರ ದಿನ ಬರುವ ತನಕ ಕಾದು, ಇಂಟರ್ನೆಟ್ಟಿನಲ್ಲೋ ಭಾನುವಾರದ ಡಿಕ್ಕಿ ಸಂತೆಯಲ್ಲೋ ಮಾರುವುದು ಅವರ ಕೆಲಸ. ಡಿಕ್ಕಿ ಸಂತೆ ಎಂದರೆ ಊರಾಚೆಯ ಮೈದಾನದಲ್ಲಿ ಕಾರುಗಳ ಡಿಕ್ಕಿ ತೆರೆದಿಟ್ಟು ನಡೆಸುವ ವ್ಯಾಪಾರ. ನೊರೀನ್ ಆಂಟಿಗೆ ಕಾರಿಲ್ಲ. ಮಡಚುವ ಮೇಜೊಂದನ್ನು ಹೊತ್ತು ಬಸ್ಸಿನಲ್ಲೇ ಹೋಗುತ್ತಿದ್ದರು.

ಮೇಬಲ್ ಹುಟ್ಟಿ ನನ್ನ ಹೆರಿಗೆ ರಜೆಯ ಸಂಬಳ ನಿಂತಾಗ ಅವರು ನನ್ನನ್ನೂ ಜೊತೆಗೆ ಸೇರಿಸಿಕೊಂಡರು. ಮಗುವಿನ ತಳ್ಳುಗಾಡಿಯ ಕೆಳಗೆ ಎಷ್ಟು ಸಾಮಾನು ಹಿಡಿಸುತ್ತದೆಂದು ಮೊದಲ ದಿನವೇ ಬಗ್ಗಿ ನೋಡಿದ್ದರು. ಯಾವ ದಿನ ಬೆಲೆ ಇಳಿಸುತ್ತೇವೆಂದು ಅಂಗಡಿಯವರು ಬೋರ್ಡು ಹಾಕುವುದಿಲ್ಲ. ಕೆಲಸದ ಹುಡುಗಿ ಕೆಂಪು ಸ್ಟಿಕರಿನ ಸುರುಳಿ ಹಿಡಿದು ಹೊರಬರುವುದನ್ನು ಕಾಯಬೇಕು ಎಂದು ಕಲಿಸಿದರು. ಮನೆಗೆ ಬಂದ ಮೇಲೆ ಆ ಸ್ಟಿಕರುಗಳನ್ನು ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಮಾಡಿ, ಪೆಟ್ಟಿಗೆಗೆ ಗೀರು ಬೀಳದಂತೆ ಎಬ್ಬಿಸುವುದನ್ನೂ ತೋರಿಸಿಕೊಟ್ಟರು.

ಮಾಲನ್ನೆಲ್ಲ ಹಿಂದಿನ ಮಲಗುವ ಕೋಣೆಯಲ್ಲಿ ಸೂರಿನವರೆಗೆ ಪೇರಿಸುತ್ತಿದ್ದರು. ಬಿಸಿ ತಾಗಿದರೆ ಸೆಂಟು ನಿಲ್ಲುವುದಿಲ್ಲವೆಂದು ಎಂಥ ಚಳಿಯಲ್ಲೂ ಅಲ್ಲಿ ಹೀಟರ್ ಹಾಕುತ್ತಿರಲಿಲ್ಲ. ಉಸಿರು ಹೊಗೆಯಾಗಿ ಕಾಣುವಷ್ಟು ತಣ್ಣಗಿದ್ದ ಆ ಕೋಣೆಯಲ್ಲಿ ಪೆಟ್ಟಿಗೆಗಳ ನಡುವೆ ಒಂದು ಸಣ್ಣ ಮಂಚ ಮಾತ್ರ ಬರಿದಾಗಿರುತ್ತಿತ್ತು, ಅದರವರೆಗೆ ನಡೆದುಹೋಗುವಷ್ಟು ದಾರಿಯೂ. ಒಮ್ಮೆ ನಾನು ಶಾಂಪೂ ಪೆಟ್ಟಿಗೆಯೊಂದನ್ನು ಆ ದಾರಿಯಲ್ಲಿಟ್ಟೆ. ಅವರು ಅದನ್ನೆತ್ತಿ ಪಕ್ಕಕ್ಕೆ ಸರಿಸಿದರು.

ಅದು ಅವರ ಮಗಳು ಜನೀನಳ ಕೋಣೆ. ಜನೀನ್ ನಮ್ಮ ಪೇಟೆಯ ಔಷಧಿ ಅಂಗಡಿಯಲ್ಲೇ ಕೆಲಸಕ್ಕಿದ್ದಳು. ನಾನಿನ್ನೂ ಶಾಲೆಗೆ ಹೋಗುತ್ತಿದ್ದ ವರ್ಷ, ಮಂಜು ಕವಿದ ಸಂಜೆ, ಗೆಳತಿಯ ಕಾರಿನಲ್ಲಿ ಗುಡ್ಡದ ರಸ್ತೆ ಇಳಿದು ಬರುವಾಗ ತೀರಿಕೊಂಡಳು. ಅವಳು ಹಾಕುತ್ತಿದ್ದದ್ದು ನೇರಳೆ ಮುಚ್ಚಳದ, ವಯಲೆಟ್ ಹೂವಿನ ಒಂದು ಸೆಂಟು. ಅದನ್ನು ಕಂಪನಿ ತಯಾರಿಸುವುದನ್ನೇ ನಿಲ್ಲಿಸಿ ಎಷ್ಟೋ ಕಾಲವಾಗಿದೆ.

ಆ ಸೆಂಟಿನ ವಾಸನೆ ನನಗೆ ಮೊದಲು ಬಂದದ್ದು ಕಳೆದ ನವೆಂಬರಿನಲ್ಲಿ. ಸಂಜೆಯ ಚಹಾದ ಹೊತ್ತು. ಹೀಟಿಂಗ್ ತಾನಾಗಿ ಚಾಲೂ ಆಗಿ ಗೋಡೆಯೊಳಗಿನ ಪೈಪುಗಳು ಟಕ್ ಟಕ್ ಎಂದವು. ಸ್ವಲ್ಪ ಹೊತ್ತಿಗೆ ಮಹಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ವಯಲೆಟ್ ಇಳಿದುಬಂತು. ಮನೆ ತುಂಬ ಇದ್ದ ನೂರು ವಾಸನೆಗಳು ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಟ್ಟ ಹಾಗಿತ್ತು. ನೊರೀನ್ ಆಂಟಿ ಟೀಪಾಟಿನ ಮುಚ್ಚಳ ಹಾಕುತ್ತ, ಅಂಚೆಯವನು ಬಂದ ಎನ್ನುವಷ್ಟೇ ಸಹಜವಾಗಿ, "ಬಂದ್ಲು" ಎಂದರು.

ನಾನು ಮೇಬಲ್‌ಳನ್ನು ಬಿಗಿಯಾಗಿ ಹಿಡಿದುಕೊಂಡೆ. ಆದರೂ ಮರುದಿನವೂ ಹೋದೆ. ಬೇಡವೆನ್ನಲಾಗದಷ್ಟು ನನಗೆ ಆ ಕೆಲಸ ಬೇಕಿತ್ತು. ಅವರ ಮೇಲೆ ಅಕ್ಕರೆಯೂ ಬೆಳೆದಿತ್ತು.

ಈ ಜನವರಿಯಲ್ಲಿ ವಾಸನೆ ತೆಳುವಾಗತೊಡಗಿತು. ಪೈಪು ಸದ್ದು ಮಾಡಿದ ಮೇಲೆ ನೊರೀನ್ ಆಂಟಿ ಕೆಲಸ ಬಿಟ್ಟು ಮೆಟ್ಟಿಲ ಬುಡದಲ್ಲಿ ಮುಖವೆತ್ತಿ ನಿಲ್ಲುತ್ತಿದ್ದರು. ಇತ್ತೀಚೆಗೆ ಬಂದ ಹಾಗೇ ಹೊರಟುಬಿಡುತ್ತಾಳೆ ಎಂದು ಒಂದು ದಿನ ಹೇಳಿದರು. ಅಂಗಡಿಗೆ ಹೊರಡಲೂ ಅವರಿಗೆ ಮನಸ್ಸಾಗುತ್ತಿರಲಿಲ್ಲ.

ಅದೇ ವಾರ ಮೇಬಲ್ ನನ್ನ ಹೆಗಲ ಮೇಲೆ ಹಾಲು ಕಕ್ಕಿದಳು. ಮಹಡಿಯಲ್ಲಿ, ಬಿಸಿನೀರಿನ ಟ್ಯಾಂಕಿರುವ ಕಪಾಟಿನಿಂದ ಒಣ ಟವೆಲ್ ತಗೋ ಎಂದು ಆಂಟಿ ಕೆಳಗಿನಿಂದಲೇ ಹೇಳಿದರು. ನಾನು ಟವೆಲ್ ಎಳೆದಾಗ ಹಿಂದಿನಿಂದ ಒಂದು ಸೀಸೆ ಉರುಳಿತು. ನೇರಳೆ ಮುಚ್ಚಳ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಂದು ಚೂರೂ ಹರಿದಿರಲಿಲ್ಲ. ಆದರೆ ಒಳಗೆ ತಳದಲ್ಲಿ ಕಂದು ಬಣ್ಣದ ಒಂದು ಗೆರೆಯಷ್ಟೇ ಉಳಿದಿತ್ತು.

ಅವರು ಹತ್ತಿಬಂದು ನನ್ನ ಕೈಯಲ್ಲಿದ್ದುದನ್ನು ನೋಡಿ ಮೆಟ್ಟಿಲ ಮೇಲೆ ಕುಳಿತರು. ಜನೀನ್ ಅದನ್ನು ಜನವರಿಯ ಸೇಲಿನಲ್ಲಿ ಕೊಂಡು, ಅಮ್ಮ ಬೈದಾಳೆಂದು ಟವೆಲ್ಲುಗಳ ಹಿಂದೆ ಬಚ್ಚಿಟ್ಟಿದ್ದಳಂತೆ. ಮಣ್ಣು ಮಾಡಿ ಬಂದ ಮೇಲೆ ಇವರ ಕೈಗೆ ಸಿಕ್ಕಿತು.

"ನೀವೇ ಹೇಳ್ತೀರಲ್ಲ ಆಂಟಿ, ಬಿಸಿ ತಾಗಿದ್ರೆ ಸೆಂಟು ನಿಲ್ಲಲ್ಲ ಅಂತ," ಎಂದೆ ಮೆಲ್ಲಗೆ.

"ಅದು ಮಾರೋ ಮಾಲಿಗೆ ಕಣೇ ಕೇಲಿ. ಇದು ಅವಳು ಇಟ್ಟಿದ್ದು. ಅವಳು ಇಟ್ಟ ಜಾಗದಿಂದ ನಾನ್ಯಾಕೆ ತೆಗೀಲಿ?"

ಸಂಜೆಯಾದರೆ ಕಪಾಟು ಬಿಸಿಯಾಗುತ್ತದೆ, ಸೀಸೆಯ ಕತ್ತಿನಿಂದ ಚೂರು ಚೂರು ಆವಿ ಹೊರಬರುತ್ತದೆ, ಅದೇ ಕೆಳಗಿಳಿಯುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಹಾಗಾದರೆ ಇನ್ನೊಂದು ಹುಡುಕಬೇಕು ಎಂದರು.

ಹುಡುಕಿದೆವು. ಇಂಟರ್ನೆಟ್ಟಿನಲ್ಲಿ ಖಾಲಿ ಸೀಸೆಗಳಷ್ಟೇ ಇದ್ದವು. ಡಿಕ್ಕಿ ಸಂತೆಯಲ್ಲಿ ಹಳೇ ಮಾಲು ಮಾರುವ ಕ್ಲೈವ್ ಎಂಬವನು ನಕ್ಕ. "ಏನಮ್ಮಾ ನೊರೀನ್, ಈ ವಯಸ್ಸಲ್ಲಿ ಯಾರನ್ನ ಬುಟ್ಟಿಗೆ ಹಾಕ್ಕೊಳ್ಳೋಕೆ ಸೆಂಟು?" ನಿನ್ನನ್ನಂತೂ ಅಲ್ಲ, ನಿನಗೆ ಮೊದಲು ಸೋಪು ಬೇಕು ಎಂದು ಆಂಟಿ ಅಂದದ್ದಕ್ಕೆ ಸುತ್ತಲಿದ್ದವರೆಲ್ಲ ನಕ್ಕರು. ಕ್ಲೈವನೂ ನಕ್ಕು, ಮೊರ್ಕಮ್‌ನ ಸಮುದ್ರದ ದಡದಲ್ಲಿ ಒಬ್ಬ ಮುದುಕ ತನ್ನ ಔಷಧಿ ಅಂಗಡಿ ಮುಚ್ಚುತ್ತಿದ್ದಾನೆ, ಅಲ್ಲಿ ನೋಡು ಎಂದ.

ಮಳೆಗಾಳಿಯಲ್ಲಿ ಎರಡು ರೈಲು ಬದಲಿಸಿ, ಗಾಡಿ ತಳ್ಳಿಕೊಂಡು ಹೋದೆವು. ಅಂಗಡಿ ಅರ್ಧ ಖಾಲಿಯಾಗಿತ್ತು. ನೊರೀನ್ ಆಂಟಿ ಎಂದಿನಂತೆ ಮಂಡಿಯೂರಿ ಕೆಳಗಿನ ಶೆಲ್ಫಿಗೇ ಕೈ ಹಾಕಿದರು; ಯಾರಿಗೂ ಬೇಡವಾದದ್ದು ಅಲ್ಲಿಗೇ ಹೋಗಿ ಸೇರುತ್ತದೆ. ಊರುಗೋಲುಗಳ ಹಿಂದಿನಿಂದ, ಪ್ಲಾಸ್ಟಿಕ್ ಹೊದಿಕೆ ಹರಿಯದ, ಧೂಳು ಹಿಡಿದ ನೇರಳೆ ಮುಚ್ಚಳದ ಸೀಸೆಯೊಂದು ಬಂತು. ಅದನ್ನವರು ತಿರುಗಿಸಿ ನೋಡಲಿಲ್ಲ, ತಯಾರಾದ ವರ್ಷ ತಿಳಿಸುವ ತಳದ ಅಂಕಿ ಓದಲಿಲ್ಲ. ಎದೆಗೆ ಒತ್ತಿಕೊಂಡರು.

ಅಂಗಡಿಯ ಮುದುಕ, ಅದಕ್ಕೇನು ದುಡ್ಡು, ಹಾಗೇ ತೆಗೆದುಕೊಂಡು ಹೋಗಿ ಎಂದರು.

"ಪೂರ್ತಿ ಬೆಲೆ ತಗೊಳ್ಳಿ," ಎಂದರು ನೊರೀನ್ ಆಂಟಿ. ಆ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ.

ಮನೆ ತಲುಪಿದಾಗ ಮಳೆ ನಿಂತು ಮಂಜು ಕವಿದಿತ್ತು, ಚಹಾದ ಹೊತ್ತು ಹತ್ತಿರವಾಗಿತ್ತು. ಬೀದಿಬಾಗಿಲಿಗೆ ಸರಪಳಿ ಹಾಕಿದ್ದು ನಾನೇ. ಅವರು ಮಹಡಿ ಹತ್ತಿ, ತಣ್ಣನೆ ಕೋಣೆಯನ್ನು ದಾಟಿ, ನೇರ ಕಪಾಟಿಗೆ ಹೋದರು.

"ಅಲ್ಲಿಟ್ರೆ ಇದೂ ಮುಗಿದುಹೋಗುತ್ತೆ ಆಂಟಿ."

"ಮುಗೀಲಿ. ತಣ್ಣಗಿಟ್ರೆ ಇರ್ತಾಳೆ, ಬರಲ್ಲ."

ಹೊದಿಕೆ ಬಿಚ್ಚದೆ ಹೊಸ ಸೀಸೆಯನ್ನು ಟವೆಲ್ಲುಗಳ ಹಿಂದಿಟ್ಟು, ಹಳೆಯದನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತರು. ಎರಡು ಮೆಟ್ಟಿಲು ಕೆಳಗೆ ನಾನು, ತೊಡೆಯ ಮೇಲೆ ಮೇಬಲ್. ಪೈಪುಗಳು ಟಕ್ ಟಕ್ ಎಂದವು. ಏನೂ ಬರಲಿಲ್ಲ. ಹೊಸದಲ್ಲವೇ, ಬಿಸಿ ತಾಗಲು ಎಷ್ಟೋ ದಿನ ಹಿಡಿದೀತು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅವರನ್ನು ಹೇಗೆ ಸಮಾಧಾನ ಮಾಡಲಿ ಎಂದೂ ಯೋಚಿಸುತ್ತಿದ್ದೆ.

ಆಗ ವಯಲೆಟ್ ಬಂತು. ಮೇಲಿನ ಕಪಾಟಿನಿಂದಲ್ಲ. ಕೆಳಗೆ, ಸರಪಳಿ ಹಾಕಿದ ಬೀದಿಬಾಗಿಲಿನ ಕಡೆಯಿಂದ, ಹೊರಗಿನ ಮಂಜಿನ ತಂಪನ್ನೂ ಹೊತ್ತುಕೊಂಡು ಒಂದೊಂದೇ ಮೆಟ್ಟಿಲು ಹತ್ತಿತು.

"ಶೂ ಅಲ್ಲೇ ಬಿಚ್ಚಿಟ್ಟು ಬಾ," ಎಂದರು ನೊರೀನ್ ಆಂಟಿ, ನನ್ನ ತಲೆಯ ಮೇಲಿಂದ ಕೆಳಗೆ ನೋಡುತ್ತ.

ನಾನು ಮೇಬಲ್‌ಳನ್ನು ಎತ್ತಿಕೊಂಡು, ಗೋಡೆಗೆ ಒತ್ತಿ ಕುಳಿತು, ದಾರಿ ಬಿಟ್ಟೆ.