ಶಿರಗುಪ್ಪಿಯ ಕೌದಿ ಡೇರೆ

ಗೋದಾಬಾಯಿಯವರು ಹುಬ್ಬಳ್ಳಿಯ ಹುಡುಗಿಯರ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದರು. ಎಳವೆಯಲ್ಲೇ ಗಂಡ ತೀರಿಕೊಂಡು, ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಮಡಿ ಮೈಲಿಗೆಯ ನಡುವೆ ಬೆಳೆದವರು. ನಾಡಿನ ನದಿಗಳೆಲ್ಲ ಬಾಯಿಪಾಠವಿದ್ದರೂ ಒಂದು ನದಿಯನ್ನೂ ಕಂಡಿರಲಿಲ್ಲ.

ಗರ್ಲ್ ಗೈಡ್ ದಳ ಕಟ್ಟಿದ ಮೇಲೆ ಹುಡುಗಿಯರನ್ನು ಶಿಬಿರಕ್ಕೆ ಕಳಿಸಿರೆಂದು ಮನೆಮನೆಯ ಕಟ್ಟೆಗೆ ಹೋಗಿ ಕೇಳಿದರು. ೧೯೩೮ರ ಮಾಗಿಯಲ್ಲಿ ಕೊನೆಗೂ ಒಪ್ಪಿಗೆ ಸಿಕ್ಕಿತು. ಆದರೆ ವಕೀಲ ಯಜ್ಞೇಶ್ವರರಾಯರು ಒಂದು ಷರತ್ತು ಹಾಕಿದರು: ಸಂಜೆ ತಾವೇ ಬಂದು ನೋಡುವರು, ಗಟ್ಟಿಯಾದ ಡೇರೆ ನಿಂತಿರದಿದ್ದರೆ ಮಗಳು ಸುಲಭಾಳನ್ನು ಕರೆದೊಯ್ಯುವರು. ಅವಳು ಹೋದರೆ ಉಳಿದವರೂ ಹೋಗುವರು. ಮುಂದೆ ಯಾವ ತಾಯಿಯೂ ಮಗಳನ್ನು ಕಳಿಸಳು.

ಶಿರಗುಪ್ಪಿಯ ಕೆರೆದಂಡೆಗೆ ಬಂದಿಳಿದಾಗ ಅಲ್ಲಿರಬೇಕಿದ್ದ ಡೇರೆಗಳೇ ಇರಲಿಲ್ಲ. ಹುಡುಗರ ಸ್ಕೌಟ್ ದಳದವರು ತಮ್ಮ ಶಿಬಿರಕ್ಕೆಂದು ಮೊದಲೇ ಒಯ್ದಿದ್ದರು.

"ಅಕ್ಕಾರ, ಹಾಸಗಿ ಅವ, ಸೂರಿಲ್ಲ," ಎಂದಳು ಸುಲಭಾ.

"ಹಂಗಾದ್ರ ಹಾಸಗೀನ ಸೂರು ಮಾಡೂಣು."

ಎಲ್ಲರೂ ಹಾಸಲೊಂದು, ಹೊದೆಯಲೊಂದು ಕೌದಿ ತಂದಿದ್ದರು. ನೆಲಕ್ಕೆ ಹುಲ್ಲು ಹರಡಿ, ಹಾಸುವ ಕೌದಿಗಳನ್ನು ದಬ್ಬಣದಿಂದ ಹೊಲಿದು ಕೋಲುಗಳ ಮೇಲೆ ಏರಿಸಿದರು. ಕೆರೆಯ ಗಾಳಿ ಒಮ್ಮೆ ಬೀಸಿದ್ದೇ ತಡ, ಎಲ್ಲವೂ ನೆಲಕ್ಕೆ ಬಿತ್ತು.

ಗೋದಾಬಾಯಿಯವರು ಸುತ್ತಲೂ ನಡೆದು ನೋಡಿದರು. ಸುಲಭಾಳ ಕೌದಿಗೂ ಸಾವಕ್ಕನ ಕೌದಿಗೂ ನಡುವೆ ಹೊಲಿಗೆಯೇ ಇರಲಿಲ್ಲ. ಸಾವಕ್ಕ ಊರಾಚೆಯ ಕೇರಿಯವಳು. ಅವಳ ಬಟ್ಟೆ ಮುಟ್ಟಬಾರದೆಂದು ಎಷ್ಟೋ ಮನೆಗಳಲ್ಲಿ ಹೇಳಿಕಳಿಸಿದ್ದರು. ಗಾಳಿ ಸರಿಯಾಗಿ ಅಲ್ಲಿಯೇ ನುಗ್ಗಿತ್ತು.

"ನಂದು ಕಡೀಗೆ ಕಟ್ರಿ ಅಕ್ಕಾರ," ಎಂದಳು ಸಾವಕ್ಕ.

"ಎಲ್ಲಾದ್ಕಿಂತ ದಪ್ಪ ನಿಂದ ಅದ. ಕಡೀಗೆ ಹಾಕಿ ಏನ್ ಮಾಡ್ಲಿ?"

ದಬ್ಬಣ ಹಿಡಿದು ಕುಳಿತ ಗೋದಾಬಾಯಿಯವರ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಎರಡೂ ಅಂಚುಗಳನ್ನು ಒಟ್ಟಿಗೆ ಮಡಚಿ ಚುಚ್ಚಿದರು. ಸುಲಭಾ ಬಂದು ಒಂದು ಅಂಚು ಹಿಡಿದಳು. ಸಾವಕ್ಕ ದಾರ ಜಗ್ಗಿ ನೋಡಿ ನಕ್ಕಳು.

"ಇದು ಹೊಲಿಗಿ ಏನ್ರಿ ಅಕ್ಕಾರ? ನಮ್ಮವ್ವ ನೋಡಿದ್ರ ನಿಮ್ಮನ್ನ ಬೆಂಚಿನ ಮ್ಯಾಲ ನಿಂದರಸ್ತಾಳ. ತರ್ರಿ ಇಲ್ಲೆ."

ಉಳಿದುದನ್ನು ಸಾವಕ್ಕನೇ ಹೊಲಿದಳು.

ಹೊತ್ತು ಮುಳುಗುವಾಗ ಟಾಂಗಾ ಬಂತು. ರಾಯರು ಬಗ್ಗಿ ಒಳಗೆ ಹೋಗಿ ಮೇಲೆ ನೋಡಿದರು.

"ಇದು ನಮ್ಮ ಅವ್ವನ ಕೌದಿ. ಇದಕ್ಕ ಹೊಲದದ್ದು ಯಾರದು?"

"ನಂದ್ರಿ," ಎಂದಳು ಸಾವಕ್ಕ.

ರಾಯರ ಮುಖ ಬಿಗಿಯಿತು. "ಬಿಚ್ರಿ ಅದನ್ನ."

"ಬಿಚ್ಚಿದ್ರ ಬೀಳ್ತದ ಅಪ್ಪಾ. ಒಮ್ಮೆ ಬಿದ್ದದ," ಎಂದಳು ಸುಲಭಾ.

ಗೋದಾಬಾಯಿಯವರ ದನಿ ಏರಲಿಲ್ಲ. "ರಾಯರ, ನೀವು ಕೇಳಿದ್ದು ಗಟ್ಟಿ ಡೇರೆ. ನಿಂತದ. ಜಗ್ಗಿ ನೋಡ್ರಿ."

ರಾಯರು ಕೋಲು ಹಿಡಿದು ಜಗ್ಗಿದರು. ಮತ್ತೊಮ್ಮೆ, ಜೋರಾಗಿ. ಗಾಳಿ ಹೊರಗೆ ಕೌದಿಗಳನ್ನು ಬಡಿಯುತ್ತಿತ್ತು. ಒಳಗೆ ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲ.

"ಅವ್ವಗ ನಾ ಏನ್ ಹೇಳ್ಲಿ?"

"ಬೆಚ್ಚಗದ ಅಂತ ಹೇಳ್ರಿ," ಎಂದಳು ಸುಲಭಾ.

ವಕೀಲರು ಮಗಳನ್ನು ದಿಟ್ಟಿಸಿದರು. ಟೊಪ್ಪಿಗೆ ಸರಿಮಾಡಿಕೊಂಡು ಹೊರಬಂದರು. ಟಾಂಗಾ ಅವರೊಬ್ಬರನ್ನೇ ಹೊತ್ತು ಹುಬ್ಬಳ್ಳಿಯ ದಾರಿ ಹಿಡಿಯಿತು.

ಅದು ಜೋಳದ ಹೊಲದ ಮರೆಗೆ ಹೋದದ್ದೇ ಹುಡುಗಿಯರು ಹಾಕಿದ ಕೇಕೆಗೆ ಕೆರೆಯ ಬೆಳ್ಳಕ್ಕಿಗಳೆಲ್ಲ ಒಮ್ಮೆಲೇ ಎದ್ದು ಕೆಂಪು ಬಾನಿಗೆ ಹಾರಿದವು. ಗೋದಾಬಾಯಿಯವರು ಹಕ್ಕಿಗಳನ್ನು ಕಣ್ಮರೆಯಾಗುವವರೆಗೆ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಸಾಕ ನಡೀರಿ, ಒಲಿ ಹಚ್ಚೂಣು," ಎಂದರು.