ನಿಂಬೆಹಣ್ಣು ಕಟ್ಟಿಕೊಂಡ ವಿಮಾನ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೊಯಮತ್ತೂರು ಸೀಮೆಯ ಅನ್ನೂರಿನಿಂದ ಅವಿನಾಶಿಗೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ ಕಡಲೆಕಾಯಿ ಹೊಲದ ಬದುವಿನ ಮೇಲೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಟವೆಲ್ ಸುತ್ತಿಕೊಂಡು ಗೋಕಿಲಾ ನಿಂತಿದ್ದಾರೆ. ಬಲಗೈಯಲ್ಲಿ ನೀಲಿ ಪ್ಲಾಸ್ಟಿಕ್ಕಿನ ವಿಮಾನ, ಕೊರಳಲ್ಲಿ ನೇತಾಡುವ ರಿಮೋಟು. ಬೇಲಿಯಾಚೆಯ ಹುಣಸೆಮರದಿಂದ ನವಿಲುಗಳು ಒಂದೊಂದಾಗಿ ಇಳಿಯುತ್ತಿವೆ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೇ ಬಂದು ಕೂರುವ ಬೀಗರ ಹಾಗೆ ಅವಕ್ಕೆ ಅವಸರವೂ ಇಲ್ಲ, ಸಂಕೋಚವೂ ಇಲ್ಲ.

ಗೋಕಿಲಾ ಎರಡು ಹೆಜ್ಜೆ ಓಡಿ ವಿಮಾನವನ್ನು ಎಸೆಯುತ್ತಾರೆ. ಅದು ಒಮ್ಮೆ ತಗ್ಗಿ, ಆಮೇಲೆ ಗುಂಯ್ ಎಂದು ಮೇಲೇರುತ್ತದೆ. ಎಡರೆಕ್ಕೆಯ ಅಡಿಯಲ್ಲಿ ಯಾವುದೋ ಮಗುವಿನ ಅರ್ಧ ನಗು ಕಾಣುತ್ತದೆ. ಯಾರದೋ ಮನೆಯ ಕಿವಿ ಚುಚ್ಚುವ ಶುಭಕಾರ್ಯಕ್ಕೆ ಕಟ್ಟಿದ್ದ ಬೋರ್ಡಿನಿಂದ ಕತ್ತರಿಸಿದ ರೆಕ್ಕೆ ಅದು. ಮೋಟಾರಿನ ಹಿಂದೆ, ವಿಮಾನದ ಕತ್ತಿನ ಕೆಳಗೆ, ಒಂದು ನಿಂಬೆಹಣ್ಣು ಮತ್ತು ಎರಡು ಹಸಿಮೆಣಸಿನಕಾಯಿ ದಾರದಲ್ಲಿ ಬಿಗಿಯಾಗಿ ಕೂತಿವೆ. ನವಿಲುಗಳು ತಲೆಯೆತ್ತಿ ನೋಡಿ, ಉದ್ದ ಬಾಲ ಎಳೆದುಕೊಂಡು, ಬೈದುಕೊಂಡೇ ಬೇಲಿ ದಾಟುತ್ತವೆ. ಗೋಕಿಲಾ ಬದುವಿನಿಂದಾಚೆಗೆ ವಿಮಾನವನ್ನು ಬಿಡುವುದಿಲ್ಲ. ಅಟ್ಟಿಸಿಕೊಂಡು ಹೋಗಬಾರದು, ತಾಗಿಸಲೇಬಾರದು ಎನ್ನುವುದು ಮನೆಯ ಕಟ್ಟಳೆ.

ಇಳಿಯುವಾಗ ವಿಮಾನ ಹುಲ್ಲಿಗೆ ಮೂತಿ ತಾಗಿಸಿ ಪಲ್ಟಿ ಹೊಡೆಯುತ್ತದೆ. ರೆಕ್ಕೆ ಕಳಚಿ ಅತ್ತ, ಮೈ ಇತ್ತ. ಗೋಕಿಲಾ ಗಾಬರಿಯಾಗುವುದಿಲ್ಲ, ನಗುತ್ತಾರೆ. ರೆಕ್ಕೆಯನ್ನು ಮೈಗೆ ಬಿಗಿದಿರುವುದು ಒಳಚಡ್ಡಿಗೆ ಹಾಕುವ ಎಲಾಸ್ಟಿಕ್ಕು. ಬನಿಯನ್ ಹೊಲಿಯುವ ಊರಾದ ತಿರುಪ್ಪೂರಿನಲ್ಲಿ ಅದಕ್ಕೇನು ಬರವೇ? ಪೆಟ್ಟು ಬಿದ್ದರೆ ಎಲಾಸ್ಟಿಕ್ ಜಾರುತ್ತದೆ, ರೆಕ್ಕೆ ಮುರಿಯುವುದಿಲ್ಲ. ಅವರು ಎರಡೂ ತುಂಡು ಎತ್ತಿ, ಧೂಳು ಕೊಡವಿ, ಮತ್ತೆ ಬಿಗಿದು ಮನೆ ಕಡೆಗೆ ನಡೆಯುತ್ತಾರೆ. ಕಂಪನಿ ಬಸ್ಸು ಬರುವ ಹೊತ್ತಾಗಿದೆ.

ನಲವತ್ತರ ಆಚೀಚೆಯ ಗೋಕಿಲಾ ತಿರುಪ್ಪೂರಿನ ಒಂದು ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಬನಿಯನ್ ಕಂಪನಿಗಳಲ್ಲಿ ಕತ್ತರಿಸಿದ ಬಟ್ಟೆಯನ್ನು ಹೊಲಿಗೆಗೆ ಸಾಗಿಸುವ ಪ್ಲಾಸ್ಟಿಕ್ ಪೆಟ್ಟಿಗೆಗಳು ಅಲ್ಲಿ ತಯಾರಾಗುತ್ತವೆ. ಬೀದಿ ಕಂಬಗಳಿಗೆ ಜಾಹೀರಾತು ಕಟ್ಟುತ್ತಾರಲ್ಲ, ಅದೇ ಸನ್‌ಪ್ಯಾಕ್ ಶೀಟು. ಎರಡು ತೆಳು ಪದರ, ನಡುವೆ ಸಾಲುಸಾಲಾಗಿ ಕೊಳವೆಗಳು. ರಟ್ಟಿನಂತೆಯೇ ಮಡಿಸಬಹುದು, ಆದರೆ ಮಳೆಗೆ ನೆನೆಯುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ. ಗಂಡ ಕಾರ್ತಿ ಹೊಲಿಗೆ ಮಿಷನ್ ಮೆಕ್ಯಾನಿಕ್. ಹೊಲ ಮಾವ ತಂಗವೇಲು ಅವರದು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ತಲೆಮಾರುಗಳಿಂದ ಹೀಗೇ ನಡೆದಿದೆ. ಕನ್ನಡದ ಅಕ್ಷರ ಮನೆಯಲ್ಲಿ ಯಾರಿಗೂ ಬಾರದು. ಈ ಲೇಖನವನ್ನೂ ಯಾರಾದರೂ ಓದಿ ಹೇಳಬೇಕು, ಅದಕ್ಕೆ ಗೋಕಿಲಾ ಈಗಲೇ ಜನ ಹುಡುಕುತ್ತಿದ್ದಾರೆ.

ವಿಮಾನದ ಕತೆ ಶುರುವಾಗುವುದು ನವಿಲಿನಿಂದ. ಈ ಸೀಮೆಯ ಹೊಲಗಳಲ್ಲಿ ನವಿಲು ಹೆಚ್ಚಿ ವರ್ಷಗಳಾದವು. ಬಿತ್ತಿದ ಮರುದಿನವೇ ಬೀಜ ಕೆದಕುತ್ತವೆ, ಉಳಿದದ್ದು ಕಾಯಿ ಕಟ್ಟಿದಾಗ ಮತ್ತೆ ಬರುತ್ತವೆ. ಓಡಿಸೋಣವೆಂದರೆ ಅದು ಮುರುಗನ ವಾಹನ. ಅತ್ತೆ ಸಾಮಿಯಾತಾಳ್ ಹೊಲದಲ್ಲಿ ನವಿಲು ಕಂಡರೆ ಮೊದಲು ಕೈ ಮುಗಿಯುತ್ತಾರೆ, ಆಮೇಲೆ ಬೈಯುತ್ತಾರೆ. ಕಲ್ಲೆಸೆಯುವ ಮಾತೇ ಇಲ್ಲ. ಸುತ್ತಲಿನವರು ಒಬ್ಬೊಬ್ಬರಾಗಿ ಕಡಲೆಕಾಯಿ ಬಿಟ್ಟು ತೆಂಗು ಹಾಕಿಕೊಂಡರು. ಎರಡು ಸಲ ಬಿತ್ತಿದ್ದು ನವಿಲಿನ ಪಾಲಾದ ಮೇಲೆ ತಂಗವೇಲು ಕೂಡ ಹೊಲದ ಒಂದು ಮಗ್ಗುಲಿಗೆ ತೆಂಗಿನ ಗುಂಡಿ ತೋಡಿಸಿಬಿಟ್ಟರು.

ಹುಡುಗನಾಗಿದ್ದಾಗಿನಿಂದ ಕಡಲೆಕಾಯಿ ಬೆಳೆದ ಮನುಷ್ಯ ಅವರು. ಗಿಡ ಕಿತ್ತ ದಿನ ಬದುವಿನಲ್ಲೇ ಒಲೆ ಹೂಡಿ, ಮಣ್ಣಿನ ವಾಸನೆ ಹೋಗುವ ಮೊದಲೇ ಕಾಯಿ ಬೇಯಿಸಿ ಊರಿಗೆಲ್ಲ ಹಂಚುವುದು ಅವರ ವರ್ಷದ ದೊಡ್ಡ ಹಬ್ಬ. ಗುಂಡಿ ತೋಡಿಸಿದ ಮೇಲೆ ಅವರು ಹೊಲಕ್ಕೆ ಹೋಗುವುದನ್ನೇ ಬಿಟ್ಟರು. ಬೆಳಿಗ್ಗೆ ಎದ್ದರೆ ಟಿವಿ, ಊಟ, ಮತ್ತೆ ಟಿವಿ. ಗೋಕಿಲಾ ಅದನ್ನು ನೆನೆಯುವಾಗ ದನಿ ತಗ್ಗುತ್ತದೆ. "ಮಾವ ಕಾಡುಗೆ ಹೋಗ್ದೆ ಮನೇಲಿ ಕೂತಿದ್ರೆ ನಂಗೆ ಸೋರೇ ಇಳೀತಿರ್ಲಿಲ್ಲ. ನಾ ಈ ಮನೆಗೆ ಬಂದ ಪುದುಸುನಲ್ಲಿ, ಬೆಂದ ಕಾಯಿನ ಮೊದ್ಲು ನನ್ ಕೈಗೆ ಕೊಟ್ಟೋರು ಅವ್ರು." ಕಾಡು ಎಂದರೆ ಇಲ್ಲಿನವರ ಮಾತಿನಲ್ಲಿ ಹೊಲ, ಸೋರು ಎಂದರೆ ಅನ್ನ, ಪುದುಸು ಎಂದರೆ ಹೊಸತು.

ಆ ವರ್ಷ ಕೊಯಮತ್ತೂರಿನ ಕೃಷಿ ಮೇಳದಲ್ಲಿ ಯಾರೋ ಹಕ್ಕಿ ಬೆದರಿಸುವ ಥರ್ಮಾಕೋಲ್ ವಿಮಾನ ಹಾರಿಸುತ್ತಿದ್ದರು. ನೋಡುತ್ತಿದ್ದ ಹಾಗೇ ಅದು ಕಂಬಕ್ಕೆ ಬಡಿದು ಪುಡಿಯಾಯಿತು. ನೆರೆದವರೆಲ್ಲ ಅಯ್ಯೋ ಎಂದರೆ, ಗೋಕಿಲಾಗೆ ಹೊಳೆದದ್ದು ಬೇರೆ. ಪೆಟ್ಟಿಗೆಯ ಶೀಟಿನಲ್ಲಿ ಮಾಡಿದ್ದರೆ ಒಡೆಯುತ್ತಿರಲಿಲ್ಲವಲ್ಲ! ಕಾರ್ಖಾನೆಯ ಯಜಮಾನ ದಂಡಪಾಣಿ ಅವರನ್ನು ಕೇಳಿ ಕತ್ತರಿಸಿ ಉಳಿದ ಚೂರುಗಳನ್ನೂ ಹಳೆಯ ಬೋರ್ಡುಗಳನ್ನೂ ಮನೆಗೆ ತಂದರು. ಮೋಟಾರು, ಬ್ಯಾಟರಿ, ರಿಮೋಟು ಕೊಯಮತ್ತೂರಿನ ಗಾಂಧಿಪುರದ ಅಂಗಡಿಯಿಂದ ಬಂದವು. ಉಳಿದದ್ದನ್ನು ಫೋನಿನ ವಿಡಿಯೋಗಳು ಕಲಿಸಿದವು.

ಬಾಲದ ಪಟ್ಟಿ ಮೇಲೆ ಕೆಳಗೆ ಆಡಬೇಕು. ಅದು ಅವರಿಗೆ ಕಷ್ಟವೇ ಆಗಲಿಲ್ಲ. ಶೀಟಿನ ಒಂದು ಪದರ ಸೀಳಿ ಇನ್ನೊಂದನ್ನು ಹಾಗೇ ಉಳಿಸಿದರೆ ಅದೇ ಕೀಲು. ಪೆಟ್ಟಿಗೆಯ ಮುಚ್ಚಳಕ್ಕೆ ದಿನವೂ ಮಾಡುವ ಕೆಲಸ. ಆದರೆ ಅದೇ ಕೈಚಳಕ ರೆಕ್ಕೆಯಲ್ಲಿ ಕೈಕೊಟ್ಟಿತು. ಪೆಟ್ಟಿಗೆ ಮಾಡುವವರು ಶೀಟಿನ ಕೊಳವೆಗಳನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸುತ್ತಾರೆ, ಒಂದರ ಮೇಲೊಂದು ಪೇರಿಸಿದಾಗ ಭಾರ ತಡೆಯಬೇಕಲ್ಲ. ಗೋಕಿಲಾ ಅದೇ ರೂಢಿಯಲ್ಲಿ, ಕೊಳವೆಗಳು ರೆಕ್ಕೆಗೆ ಅಡ್ಡಡ್ಡ ಬರುವಂತೆ ಕತ್ತರಿಸಿದರು. ಮೊದಲ ವಿಮಾನ ಮೇಲೆ ಹೋದದ್ದೇ ತಡ, ಗಾಳಿಗೆ ಸಿಕ್ಕ ಕೊಡೆಯಂತೆ ರೆಕ್ಕೆ ಮಡಚಿ ಬಿತ್ತು. ಕೊಳವೆ ರೆಕ್ಕೆಯ ಉದ್ದಕ್ಕೂ ಮಲಗಿರಬೇಕೆಂದು ಆಮೇಲೆ ತಿಳಿಯಿತು. ಅದರೊಳಗೆ ಬಿದಿರಿನ ಕಡ್ಡಿ ತೂರಿಸಿದ ಮೇಲೆ ರೆಕ್ಕೆ ಗಟ್ಟಿಯಾಯಿತು.

ರೆಕ್ಕೆ ಸರಿಯಾದರೂ ವಿಮಾನ ಸರಿಯಾಗಲಿಲ್ಲ. ಎಸೆದರೆ ಮೂತಿ ಮೇಲೆತ್ತಿ, ಒಂದು ಗಳಿಗೆ ಆಕಾಶಕ್ಕೆ ಜೋತುಬಿದ್ದ ಹಾಗೆ ನಿಂತು, ಬಾಲದ ಮೇಲೆ ಬೀಳುವುದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗೋಕಿಲಾ ಪಾಲಕ್ಕಾಡಿನ ಕಣಿವೆಯಿಂದ ಬರುವ ಆಡಿ ತಿಂಗಳ, ಅಂದರೆ ಆಷಾಢದ ಹೊತ್ತಿನ ಗಾಳಿಯನ್ನು ದೂರಿದರು. ಆಡಿ ಗಾಳಿಗೆ ರುಬ್ಬುವ ಕಲ್ಲೂ ಹಾರುತ್ತದೆ ಎನ್ನುವುದು ತಮಿಳಿನವರ ಗಾದೆ. ಕಲ್ಲೇ ಹಾರುವ ಗಾಳಿಯಲ್ಲಿ ನಿನ್ನ ವಿಮಾನವೊಂದು ಹಾರುವುದಿಲ್ಲವಲ್ಲಮ್ಮ ಎಂದು ದಂಡಪಾಣಿ ಊಟದ ಹೊತ್ತಿನಲ್ಲಿ ಎಲ್ಲರೆದುರು ಕಿಚಾಯಿಸಿದರು.

ಬಿತ್ತನೆಯ ದಿನ ಹತ್ತಿರ ಬಂತು. ಸೊಸೆಯ ಬಲವಂತಕ್ಕೆ ತಂಗವೇಲು ಬೀಜ ತರಿಸಿದ್ದರು, ಆದರೆ ಮಾತು ಖಂಡಿತವಾಗಿತ್ತು. "ಇದೊಂದು ಪಟ್ಟ ನೋಡ್ತೀನಿ ಕಣ್ಣು. ಇದೂ ಮಯಿಲಿಗೇ ಹೋದ್ರೆ ಗುಂಡೀಲಿ ತೆಂಗು ನಟ್ಟು ಸುಮ್ನೆ ಕೂತ್ಕೊತೀನಿ. ಆಮೇಲೆ ನನ್ ಕೇಳ್ಬಾರ್ದು." ಪಟ್ಟ ಎಂದರೆ ಒಂದು ಬಿತ್ತನೆಯ ಕಾಲ, ಮಯಿಲು ಎಂದರೆ ನವಿಲು, ಕಣ್ಣು ಎನ್ನುವುದು ಅಕ್ಕರೆಯ ಕರೆ.

ಆಡಿ ಅಮಾವಾಸ್ಯೆ ಬಂತು. ಈ ಕಡೆ ಅಮಾವಾಸ್ಯೆಯ ದಿನ ಗಾಡಿಗಳನ್ನು ತೊಳೆದು, ಕುಂಕುಮ ಇಟ್ಟು, ದೃಷ್ಟಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು ವಾಡಿಕೆ. ಮಗನ ಬೈಕಿಗೂ ಮನೆಯ ಟಿಲ್ಲರಿಗೂ ಕಟ್ಟಿ ಮುಗಿಸಿದ ಸಾಮಿಯಾತಾಳ್, ಜಗಲಿಯ ಮೇಲಿದ್ದ ವಿಮಾನವನ್ನು ನೋಡಿ ಅದಕ್ಕೂ ಒಂದು ಕಟ್ಟಿಬಿಟ್ಟರು. ಮುಂದೆ ತಿರುಗುವ ಫ್ಯಾನಿಗೆ ಸಿಕ್ಕದ ಹಾಗೆ, ಕತ್ತಿಗೆ. ಸೊಸೆ ಬೇಡವೆಂದದ್ದಕ್ಕೆ ಅವರ ಉತ್ತರ ಸಿದ್ಧವಿತ್ತು. "ವಂಡಿ ಅಂದ್ಮೇಲೆ ವಂಡಿನೇ ಅಮ್ಮಿಣಿ. ನೆಲದ್ಮೇಲೆ ಓಡುದ್ರೇನು, ಮೇಲೆ ಓಡುದ್ರೇನು, ದಿಷ್ಟಿ ಬಿಡುತ್ತಾ?" ವಂಡಿ ಎಂದರೆ ಗಾಡಿ, ಅಮ್ಮಿಣಿ ಎನ್ನುವುದು ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತು.

ಮರುದಿನ ಬೆಳಿಗ್ಗೆ ವಿಮಾನ ಹಾರಿತು. ಮೂತಿ ಎತ್ತಲಿಲ್ಲ, ಜೋತು ಬೀಳಲಿಲ್ಲ, ಹೊಲವನ್ನು ಒಂದು ಸುತ್ತು ಹಾಕಿ ಬದುವಿನಲ್ಲಿ ಇಳಿಯಿತು. ಗೋಕಿಲಾ ಸಂತೋಷಕ್ಕೆ ಅತ್ತೇಬಿಟ್ಟರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಕಾರ್ತಿ ನಕ್ಕರು. ಸಾಮಿಯಾತಾಳ್ ಮಾತ್ರ ಇದರಲ್ಲಿ ಅಚ್ಚರಿಯೇನಿದೆ ಎಂಬಂತೆ ಅಡುಗೆಮನೆಗೆ ಹೋದರು. ಆ ವಾರವೇ ಬಿತ್ತನೆಯಾಯಿತು, ಬೀಜ ಉಳಿಯಿತು, ಸಾಲುಸಾಲಾಗಿ ಮೊಳಕೆ ಬಂತು.

ಹದಿನೈದು ದಿನ ಕಳೆಯುತ್ತಲೇ ವಿಮಾನದ ಹಳೆಯ ಚಾಳಿ ಮರುಕಳಿಸಿತು. ದಿನ ಹೋದಂತೆ ಮೂತಿ ಸ್ವಲ್ಪ ಸ್ವಲ್ಪವೇ ಮೇಲೆ; ಕೊನೆಗೆ ಮತ್ತೆ ಬಾಲದ ಮೇಲೆ ಬೀಳತೊಡಗಿತು. ನವಿಲುಗಳಿಗೆ ಸುದ್ದಿ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಎಳೆಗಿಡದ ಎರಡು ಸಾಲು ಹೋದವು. ತಂಗವೇಲು ತೆಂಗಿನ ಗುಂಡಿಗಳ ಹತ್ತಿರ ಹೋಗಿ ನಿಂತಿದ್ದನ್ನು ಗೋಕಿಲಾ ಕಂಡರು. ಮೋಟಾರು ಬಿಚ್ಚಿದರು, ತಂತಿ ಬದಲಿಸಿದರು, ಬಾಲ ಹೊಸದಾಗಿ ಮಾಡಿದರು. ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಅತ್ತೆ ಹಳೆಯ ನಿಂಬೆಹಣ್ಣು ಬಿಚ್ಚಿ, ಮೂರುದಾರಿ ಸೇರುವಲ್ಲಿ ಎಸೆದು ಬಾ ಎಂದು ಸೊಸೆಯ ಕೈಗಿಟ್ಟರು. ಗೋಕಿಲಾ ನಾಲ್ಕು ಹೆಜ್ಜೆ ಹೋಗಿ ನಿಂತರು. ಬಿಸಿಲಿಗೆ ಸುಕ್ಕಿ ಕರ್ರಗಾಗಿದ್ದ ಅದು ಅಂಗೈಯಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಹಗುರವಾಗಿತ್ತು. ಇನ್ನೊಂದು ಕೈಗೆ ಹೊಸದನ್ನು ತೆಗೆದುಕೊಂಡರು. ವಿಮಾನದ ಬಾಲ ಭಾರವಾಗಿತ್ತು, ಮೂತಿ ಹಗುರವಾಗಿತ್ತು, ಇಷ್ಟು ದಿನ ಅದನ್ನು ಸಮ ಮಾಡಿದ್ದು ಈ ಹಣ್ಣಿನ ತೂಕ! ಹಣ್ಣು ಒಣಗಿದಷ್ಟೂ ಮೂತಿ ಎದ್ದಿತ್ತು. "ನಾ ಅಲ್ಲೇ ರೋಡಲ್ಲಿ ನಿಂತ್ಕೊಂಡು ನಕ್ಕೆ. ದಾರೀಲಿ ಹೋಗೋರು ಈ ಹೆಂಗ್ಸಿಗೆ ಏನೋ ಮೆಟ್ಕೊಂಡೈತೆ ಅಂತ ದೂರ ಹೋದ್ರು," ಎಂದು ಹೇಳುವಾಗ ಈಗಲೂ ಅವರಿಗೆ ನಗು ತಡೆಯದು.

ಅಂದಿನಿಂದ ಅವರು ಮಾಡುವ ಪ್ರತಿ ವಿಮಾನದ ಮೂತಿಯೊಳಗೂ ಹೊಲಿಗೆ ಮಿಷನ್ನಿನ ಒಂದು ಹಳೆಯ ಬೋಲ್ಟು ಕೂರುತ್ತದೆ. ಅದಕ್ಕೆ ಅವರಿಟ್ಟ ಹೆಸರು ಅತ್ತೆ. ಭಾನುವಾರ ಒಂದು ಶೀಟು ಹಿಡಿದು ಕೂತರೆ ಸಂಜೆಗೆ ಒಂದು ವಿಮಾನ ಎದ್ದು ನಿಲ್ಲುತ್ತದೆ. ಅಂಗಡಿಯ ವಿಮಾನದ ಬೆಲೆಯಲ್ಲಿ ಕಾಲುಭಾಗವೂ ಆಗುವುದಿಲ್ಲ. ಮದುಕ್ಕರೈ ಕಡೆಯ ಜೋಳದ ಹೊಲಕ್ಕೊಂದು, ಮೆಟ್ಟುಪಾಳ್ಯದ ತರಕಾರಿ ತೋಟಕ್ಕೊಂದು ಹೋಗಿವೆ. ಕಾರ್ಖಾನೆಯ ಗೆಳತಿ ಸರಣ್ಯಾ ಊಟದ ಬಿಡುವಿನಲ್ಲಿ ಹಾರಿಸಲು ಕಲಿತು, ಈಗ ಗೋಕಿಲಾಗಿಂತ ಚೆನ್ನಾಗಿ ಇಳಿಸುತ್ತಾರೆ. ಅದನ್ನು ಗೋಕಿಲಾ ಒಪ್ಪಿಕೊಳ್ಳುತ್ತಾರೆ, ಆದರೆ ಸ್ವಲ್ಪ ತಡವಾಗಿ. ಕಿಚಾಯಿಸಿದ್ದ ದಂಡಪಾಣಿ ಈಗ ಬಂದವರಿಗೆಲ್ಲ ಪೆಟ್ಟಿಗೆಗಿಂತ ಮೊದಲು ವಿಮಾನ ತೋರಿಸುತ್ತಾರೆ.

ಮನೆಯ ವಿಮಾನದಲ್ಲಿ ಮಾತ್ರ ಬೋಲ್ಟಿಲ್ಲ. ಅಲ್ಲಿ ಇಂದಿಗೂ ನಿಂಬೆಹಣ್ಣೇ. ಕಟ್ಟುವುದನ್ನು ತಪ್ಪಿಸಿದರೆ ಸಾಮಿಯಾತಾಳ್ ಬಿಡುವವರಲ್ಲ, ತಪ್ಪಿಸುವ ಮನಸ್ಸು ಸೊಸೆಗೂ ಇಲ್ಲ. ಹಣ್ಣು ಒಣಗುತ್ತ ಬಂದಂತೆ ಗೋಕಿಲಾ ಬ್ಯಾಟರಿಯನ್ನು ಬೆರಳಷ್ಟು ಮುಂದೆ ಸರಿಸುತ್ತಾರೆ, ಅಮಾವಾಸ್ಯೆಗೆ ಮತ್ತೆ ಹಿಂದಕ್ಕೆ. ಹೊಲದಂಚಿನ ಒಂದು ಸಾಲನ್ನು ಮುರುಗನ ಪಾಲೆಂದು ಬಿಟ್ಟಿದ್ದಾರೆ. ಅಲ್ಲಿಗೆ ಬರುವ ನವಿಲನ್ನು ಯಾರೂ ಏನೂ ಅನ್ನುವುದಿಲ್ಲ.

ಈಗ ಕಾಯಿ ಬಲಿತಿದೆ, ಕೀಳುವ ದಿನ ಗೊತ್ತಾಗಿದೆ. ನಿಮ್ಮ ಆಸೆಯೇನು ಎಂದರೆ ಗೋಕಿಲಾ ನಾಚುತ್ತಾರೆ. ಬದುವಿನ ಒಲೆಯ ಹತ್ತಿರ ಮಾವ ಕೂತಿರಬೇಕು, ಬೆಂದ ಮೊದಲ ಕಾಯಿ ಅವರ ಕೈಯಿಂದ ಬರಬೇಕು, ಅಷ್ಟೇ. ಮುಂದಿನ ಪಟ್ಟದ ಮಾತನ್ನು ಅವರು ಮಾವನಲ್ಲಿ ಎತ್ತಿಲ್ಲ. ಕೇಳಬಾರದು ಎಂದಿದ್ದರಲ್ಲ, ಕೇಳಿಲ್ಲ.

ಆ ಬೆಳಿಗ್ಗೆ ವಿಮಾನ ಹಿಡಿದು ಮನೆ ಕಡೆ ಹೊರಟವರಿಗೆ ದಾರಿಯಲ್ಲಿ ತಂಗವೇಲು ಸಿಗುತ್ತಾರೆ. ಪಂಚೆ ಮೇಲಕ್ಕೆ ಕಟ್ಟಿ, ಗುದ್ದಲಿ ಹಿಡಿದು ತೆಂಗಿನ ಗುಂಡಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದಾರೆ. ಕೊನೆಯ ಗುಂಡಿಯೊಂದನ್ನು ಮಾತ್ರ ಉಳಿಸಿ, ಅದರಲ್ಲಿ ಒಂದು ಪುಟ್ಟ ನಿಂಬೆಗಿಡ ನೆಟ್ಟು, ಸುತ್ತ ಮಣ್ಣು ತುಳಿಯುತ್ತಿದ್ದಾರೆ. ಸೊಸೆಯನ್ನು ನೋಡಿಯೂ ನೋಡದವರಂತೆ ಹೇಳುತ್ತಾರೆ:

"ಪ್ಲೇನಿಗೆ ಬೇಕಲ್ಲ. ತಿಂಗ್ಳು ತಿಂಗ್ಳು ಅಂಗಡೀಲಿ ಕಾಸು ಕೊಟ್ಟು ಯಾಕೆ ವಾಂಗ್ಬೇಕು. ಇದು ಕಾಯಿ ಬಿಡೋಕೆ ಮೂರು ವರ್ಸ ಆಗುತ್ತೆ, ಅಲ್ಲೀಗಂಟ ಅಡ್ಜಸ್ಟ್ ಮಾಡ್ಕೊ."

ನಿಂಬೆಯ ಬದಲು ಒಂದು ಬೋಲ್ಟು ಸಾಕೆಂದು ಗೋಕಿಲಾ ಹೇಳುವುದಿಲ್ಲ. ವಿಮಾನವನ್ನು ಬದುವಿನ ಮೇಲಿಟ್ಟು, ಗಿಡಕ್ಕೆ ನೀರು ತರಲು ಬಿಂದಿಗೆ ಹಿಡಿದು ಓಡುತ್ತಾರೆ. ರಸ್ತೆಯಲ್ಲಿ ಕಂಪನಿ ಬಸ್ಸು ಹಾರನ್ ಹೊಡೆಯುತ್ತಿದೆ.